ಸಹಿ ಹಾಕಿದವರೊಬ್ಬರು, ಕಂತು ಕಟ್ಟಿದವರೊಬ್ಬರು

ದಾವಣಗೆರೆಯ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು ಬರೆದ ಪತ್ರದ ಸಾರ:

"ಸಂಪಾದಕರಿಗೆ ನಮಸ್ಕಾರ. ಕಳೆದ ಸಂಚಿಕೆಯ ‘ಬೆಂಚಿನ ಮೇಲಿನ ಕುಬೇರರು’ ಲೇಖನ ಓದಿದೆ. ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್‌ ಲೀಗ್‌ನಲ್ಲಿ ಆಡದೆ ಕೂತು ಸಂಬಳ ಎಣಿಸಿದವರನ್ನು ಚೆನ್ನಾಗಿ ಝಾಡಿಸಿದ್ದೀರಿ. ನ್ಯೂಜೆರ್ಸಿಯಲ್ಲಿ ಮಗಳ ಮನೆಯಲ್ಲಿ ನಾಲ್ಕು ತಿಂಗಳಿದ್ದು ಬಂದೆ. ಮೊಮ್ಮಗನಿಗೆ ನ್ಯೂಯಾರ್ಕ್ ನಿಕ್ಸ್ ತಂಡದ ಹುಚ್ಚು. ಅವನ ಪಕ್ಕ ಕೂತು ನನಗೂ ಹತ್ತಿತು. ಮೂವತ್ತಾರು ವರ್ಷ ಸಾಲ ಕೊಟ್ಟವನು ನಾನು. ಸಾಲ ಮುಳುಗಿದರೆ ನಾವು ಮೊದಲು ಕೇಳುವುದು, ಮಂಜೂರು ಮಾಡಿದವರು ಯಾರು ಅಂತ. ನಿಮ್ಮ ಲೇಖನದಲ್ಲಿ ಅವರ ಹೆಸರೇ ಇಲ್ಲ. ಅಷ್ಟೊಂದು ತಿಳಿದವರು ಇಂಥ ಕರಾರಿಗೆ ಸಹಿ ಹಾಕುವುದಾದರೂ ಯಾಕೆ? ಇನ್ನು ಮಾಲೀಕರೆಲ್ಲ ಆಗರ್ಭ ಶ್ರೀಮಂತರು. ಅವರ ದುಡ್ಡು ಹೋದರೆ ನಮಗೇನು? ಕೊನೆಯದಾಗಿ, ಜೋವಾಕಿಮ್ ನೋವಾಗೆ 72 ಕೋಟಿ ಡಾಲರ್ ಎಂದು ಅಚ್ಚಾಗಿದೆ. ಸೊನ್ನೆ ಎಣಿಸಿ ನೋಡಿ."

ಹಿರಿಯರಿಗೆ ನಮಸ್ಕಾರ.

ಸೊನ್ನೆ ಎಣಿಸಿದೆವು. ತಪ್ಪು ನಮ್ಮದೇ. 72 ಮಿಲಿಯನ್ ಅಂದರೆ 7 ಕೋಟಿ 20 ಲಕ್ಷ. ಅಚ್ಚಿಗೆ ಹೋಗುವ ಮೊದಲು ಮೂವರು ಓದಿದ್ದರು, ಅದರಲ್ಲಿ ನಾನೂ ಒಬ್ಬ. ಸೊನ್ನೆ ಕಣ್ಣಿಗೆ ಬಿದ್ದದ್ದು ದಾವಣಗೆರೆಯಲ್ಲಿ.

ಎರಡನೇ ತಪ್ಪು ಇದಕ್ಕಿಂತ ದೊಡ್ಡದು. ನೀವು ಹೇಳಿದ್ದು ನಿಜ. ದುಡ್ಡು ಪಡೆದವರ ಹೆಸರು ಬರೆದೆವು, ಕೊಟ್ಟವರ ಹೆಸರು ಬಿಟ್ಟೆವು. ಆಟಗಾರನ ಮುಖ ಎಲ್ಲರಿಗೂ ಗೊತ್ತು, ಬೈಯೋದು ಸುಲಭ. ಸೂಟು ಹಾಕಿಕೊಂಡು ಮೇಲೆ ಕೂತವನ ಮುಖ ಯಾರಿಗೆ ನೆನಪಿರುತ್ತದೆ? ಹಾಗಾಗಿ ಈ ಸಲ ಮಂಜೂರು ಮಾಡಿದವರ ಕಥೆ. ನಿಮ್ಮ ಮೊಮ್ಮಗನ ನಿಕ್ಸ್ ತಂಡವನ್ನೇ ಇಟ್ಟುಕೊಳ್ಳೋಣ. ಈ ವಿಷಯಕ್ಕೆ ಅದಕ್ಕಿಂತ ಒಳ್ಳೆ ಪಾಠಶಾಲೆ ಇಲ್ಲ.

2003ರ ಡಿಸೆಂಬರ್‌ನಲ್ಲಿ ನಿಕ್ಸ್ ಆಡಳಿತ ಐಸಯಾ ಥಾಮಸ್ ಕೈಗೆ ಬಂತು. ಸಾಮಾನ್ಯ ಮನುಷ್ಯನಲ್ಲ. ಆಟಗಾರನಾಗಿ ಡೆಟ್ರಾಯ್ಟ್‌ಗೆ 1989 ಮತ್ತು 1990ರಲ್ಲಿ ಎರಡು ಪ್ರಶಸ್ತಿ ಗೆದ್ದುಕೊಟ್ಟವರು. ಹುಡುಗರನ್ನು ಆರಿಸುವ ಕಣ್ಣೂ ಇತ್ತು. 2005ರ ಡ್ರಾಫ್ಟ್‌ನಲ್ಲಿ (ಹೊಸ ಹುಡುಗರನ್ನು ಆರಿಸುವ ಸರದಿ, ಮುಂದೆ ಹೇಳುತ್ತೇನೆ) 30ನೇ ಸ್ಥಾನದಲ್ಲಿ, ಅಂದರೆ ಮೊದಲ ಸುತ್ತಿನ ಕಟ್ಟಕಡೆಯಲ್ಲಿ, ಡೇವಿಡ್ ಲೀಯನ್ನು ಹೆಕ್ಕಿದರು. ಅವನು ಮುಂದೆ ಆಲ್‌ಸ್ಟಾರ್, ಅಂದರೆ ಲೀಗ್‌ನ ಆಯ್ದ ತಾರೆಯರಲ್ಲಿ ಒಬ್ಬ, ಆದ. ಅದೇ ಬೇಸಿಗೆಯಲ್ಲಿ ಇದೇ ಕಣ್ಣು ಜೆರೋಮ್ ಜೇಮ್ಸ್ ಮೇಲೂ ಬಿತ್ತು. ಜೇಮ್ಸ್ ಸಿಯಾಟಲ್ ತಂಡದ ಏಳಡಿ ಆಳು. ಇಡೀ ಸೀಸನ್‌ನಲ್ಲಿ ಪಂದ್ಯಕ್ಕೆ 4.9 ಪಾಯಿಂಟ್ ಮಾಡಿದ್ದ. ಪ್ಲೇ-ಆಫ್‌ನಲ್ಲಿ ಸಿಯಾಟಲ್ ಆಡಿದ್ದು ಹನ್ನೊಂದು ಪಂದ್ಯ. ಆಗ ಅದು 12.5ಕ್ಕೆ ಏರಿತು. ನಿಕ್ಸ್ ಐದು ವರ್ಷಕ್ಕೆ ಸುಮಾರು 3 ಕೋಟಿ ಡಾಲರ್ ಬರೆದುಕೊಟ್ಟಿತು. ನ್ಯೂಯಾರ್ಕ್‌ನಲ್ಲಿ ಮೊದಲ ವರ್ಷ ಅವನು ಮಾಡಿದ್ದು ಪಂದ್ಯಕ್ಕೆ ಸುಮಾರು 3 ಪಾಯಿಂಟ್. ಹತ್ತು ವರ್ಷದ ಖಾತೆ ಬಿಟ್ಟು, ಹಬ್ಬದ ವಾರದ ವ್ಯಾಪಾರ ನೋಡಿ ಅಂಗಡಿಗೆ ಸಾಲ ಕೊಟ್ಟ ಹಾಗೆ ಅಲ್ವಾ?

ಜೇಮ್ಸ್‌ನಿಂದ ಹೋದದ್ದು ಬರೀ ದುಡ್ಡು. ಆ ವರ್ಷ ಅಕ್ಟೋಬರ್‌ನಲ್ಲಿ ನಡೆದದ್ದು ಬೇರೆ ಜಾತಿಯದು.

ಶಿಕಾಗೋ ಬುಲ್ಸ್‌ನಲ್ಲಿ ಎಡ್ಡಿ ಕರಿ ಎಂಬ ಹುಡುಗನಿದ್ದ. ಇಪ್ಪತ್ತೆರಡು ವರ್ಷ, ದೈತ್ಯ ದೇಹ. ಅದೇ ವರ್ಷ ಮಾರ್ಚ್‌ನಲ್ಲಿ ಅವನ ಎದೆಬಡಿತ ತಾಳ ತಪ್ಪಿತ್ತು. ಜೀವಕ್ಕೆ ಅಪಾಯ ತರುವ ಹೃದಯದ ಕಾಯಿಲೆ ಇದ್ದರೆ ಎಂದು ಬುಲ್ಸ್ ಡಿಎನ್‌ಎ ಪರೀಕ್ಷೆ ಕೇಳಿತು. ಪರೀಕ್ಷೆಯಲ್ಲಿ ಕಾಯಿಲೆ ಇದೆ ಅಂತ ಬಂದರೆ ಐವತ್ತು ವರ್ಷ, ವರ್ಷಕ್ಕೆ 4 ಲಕ್ಷ ಡಾಲರ್ ಕೊಡುತ್ತೇವೆ ಅಂತಲೂ ಹೇಳಿತು. ನನ್ನ ರಕ್ತದ ಗುಟ್ಟು ನನ್ನದು ಎಂದು ಕರಿ ಒಪ್ಪಲಿಲ್ಲ. ಅದು ಅವನ ಹಕ್ಕು, ನನಗೆ ಅದರಲ್ಲಿ ತಕರಾರಿಲ್ಲ. ನಿಕ್ಸ್ ಆ ಪರೀಕ್ಷೆ ಇಲ್ಲದೆಯೇ ಅವನನ್ನು ಕರೆದುಕೊಂಡಿತು. ಆರು ವರ್ಷದ ಕರಾರು, 6 ಕೋಟಿ ಡಾಲರ್‌ವರೆಗೆ. ಬದಲಿಗೆ ಬುಲ್ಸ್‌ಗೆ ಕೊಟ್ಟದ್ದರಲ್ಲಿ ಎರಡು ವಸ್ತು ನೋಡಿ. 2006ರ ಮೊದಲ ಸುತ್ತಿನ ಡ್ರಾಫ್ಟ್ ಪಿಕ್, ಅಂದರೆ ಆಯ್ಕೆಯ ಸರದಿ. 2007ರಲ್ಲಿ ಬೇಕೆನಿಸಿದರೆ ತನ್ನ ಪಿಕ್ ಕೊಟ್ಟು ನಿಕ್ಸ್ ಪಿಕ್ ತೆಗೆದುಕೊಳ್ಳುವ ಹಕ್ಕು.

ಡ್ರಾಫ್ಟ್ ಅಂದರೆ ನಿಮಗೆ ಮೊಮ್ಮಗ ಹೇಳಿರುತ್ತಾನೆ. ಕಾಲೇಜಿನಿಂದ ಬರುವ ಹುಡುಗರನ್ನು ಆರಿಸಿಕೊಳ್ಳುವ ಸರದಿ. ಸೋತ ತಂಡಗಳಿಗೆ ಮೊದಲ ಸರದಿ, ಗೆದ್ದವರಿಗೆ ಕೊನೆಯದು. ಪಿಕ್ ಕೊಡುವವನ ಲೆಕ್ಕ ಸರಳ. ನಾವು ಗೆಲ್ಲುತ್ತೇವೆ, ನಮ್ಮ ಸರದಿ ಹಿಂದೆ ಹೋಗುತ್ತದೆ, ಕೊಟ್ಟರೆ ನಷ್ಟವೇನು? ನಿಕ್ಸ್ ಗೆಲ್ಲಲಿಲ್ಲ. ಲೀಗ್‌ನಲ್ಲೇ ಅತಿ ಹೆಚ್ಚು ಸಂಬಳ ಕೊಡುತ್ತಿದ್ದ ತಂಡ 2005-06ರಲ್ಲಿ 23 ಗೆದ್ದು 59 ಸೋತಿತು. ಬುಲ್ಸ್‌ಗೆ ಹೋದ ಪಿಕ್ ಇಡೀ ಡ್ರಾಫ್ಟ್‌ನಲ್ಲಿ ಎರಡನೆಯದಾಯಿತು. ಅದರಲ್ಲಿ ಸಿಕ್ಕವನು ಲಮಾರ್ಕಸ್ ಆಲ್ಡ್ರಿಜ್. (ಬುಲ್ಸ್ ಅವನನ್ನು ಅದೇ ದಿನ ಪೋರ್ಟ್‌ಲ್ಯಾಂಡ್‌ಗೆ ಕೊಟ್ಟು ಟೈರಸ್ ಥಾಮಸ್‌ನನ್ನು ತಂದಿತು. ಆಲ್ಡ್ರಿಜ್ ಏಳು ಸಲ ಆಲ್‌ಸ್ಟಾರ್ ಆದ, ಟೈರಸ್ ಒಂದು ಸಲವೂ ಆಗಲಿಲ್ಲ. ಬೇರೆಯವರಿಗೆ ಟೋಪಿ ಹಾಕಿದವರೂ ಮನೆಗೆ ಹೋಗುವ ದಾರಿಯಲ್ಲಿ ಎಡವುತ್ತಾರೆ.)

ಮುಂದಿನ ವರ್ಷ ಬುಲ್ಸ್ ತನ್ನ 23ನೇ ಪಿಕ್ ಕೊಟ್ಟು ನಿಕ್ಸ್‌ನ 9ನೇ ಪಿಕ್ ತೆಗೆದುಕೊಂಡಿತು. ಆರಿಸಿದ್ದು ಯಾರನ್ನು ಗೊತ್ತಾ? ನಿಮ್ಮ ಸೊನ್ನೆಯ ಜೋವಾಕಿಮ್ ನೋವಾ.

ಈ ನೋವಾ ಬುಲ್ಸ್‌ಗೆ ಒಂಬತ್ತು ವರ್ಷ ದುಡಿದ. 2014ರಲ್ಲಿ ಲೀಗ್‌ನ ಅತ್ಯುತ್ತಮ ರಕ್ಷಣಾ ಆಟಗಾರನೆಂಬ ಪ್ರಶಸ್ತಿ ಪಡೆದ. ಆಮೇಲೆ ಮಂಡಿ ಹೋಯಿತು, ಭುಜ ಹೋಯಿತು. 2015-16ರಲ್ಲಿ ಆಡಿದ್ದು 29 ಪಂದ್ಯ. ಆ ಬೇಸಿಗೆಯಲ್ಲಿ, ಅವನಿಗೆ ಮೂವತ್ತೊಂದು ತುಂಬಿದ ಮೇಲೆ, ನಿಕ್ಸ್ ಅವನಿಗೆ ನಾಲ್ಕು ವರ್ಷಕ್ಕೆ ಆ 7 ಕೋಟಿ 20 ಲಕ್ಷ ಡಾಲರ್ ಬರೆದುಕೊಟ್ಟಿತು. ಎಳೆಯದಾಗಿದ್ದಾಗ ಬಿಟ್ಟಿಯಾಗಿ ಬೇರೆಯವರ ಕೊಟ್ಟಿಗೆಗೆ ಹೊಡೆದ ಎತ್ತನ್ನು, ಮುದಿಯಾದ ಮೇಲೆ ಸಂತೆಯಲ್ಲಿ ದುಬಾರಿ ಬೆಲೆ ಕೊಟ್ಟು ಹೊಡೆದುಕೊಂಡು ಬಂದರು. ನ್ಯೂಯಾರ್ಕ್‌ನಲ್ಲಿ ಎರಡು ಸೀಸನ್ ಸೇರಿ ಅವನು ಆಡಿದ್ದು 53 ಪಂದ್ಯ. ಸಹಿ ಮಾಡಿಸಿದ್ದು ಯಾರು? ಫಿಲ್ ಜಾಕ್ಸನ್. ಕೋಚ್ ಆಗಿ 11 ಪ್ರಶಸ್ತಿ ಗೆದ್ದವರು. ಸಹಿ ಬಿದ್ದ ಒಂದು ವರ್ಷಕ್ಕೆ, 2017ರ ಜೂನ್‌ನಲ್ಲಿ, ಅವರು ಕುರ್ಚಿ ಬಿಟ್ಟರು. 2018ರಲ್ಲಿ ನೋವಾನನ್ನು ತಂಡದಿಂದ ಕೈಬಿಟ್ಟದ್ದು ಬೇರೆಯವರು. ಬಾಕಿಯನ್ನು ಹೆಚ್ಚು ವರ್ಷಗಳಿಗೆ ಹಂಚಿದ್ದರಿಂದ, ನೋವಾನ ಕೊನೆಯ ಕಂತು ನಿಕ್ಸ್ ಲೆಕ್ಕದಿಂದ ಇಳಿದದ್ದು 2021-22ರ ಸೀಸನ್ ಮುಗಿದಾಗ.

ನಿಮ್ಮ ‘ಯಾಕೆ’ ಎಂಬ ಪ್ರಶ್ನೆಗೆ ನನ್ನ ಉತ್ತರ ಇಲ್ಲೇ ಇದೆ. ಬ್ಯಾಂಕಿನಲ್ಲಿ ಮಾರ್ಚ್ ತಿಂಗಳು ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕೇ? ಟಾರ್ಗೆಟ್ ಮುಟ್ಟಬೇಕು. ಮೇಲಿನಿಂದ ಫೋನು. ಅರ್ಜಿ ಸ್ವಲ್ಪ ಸೊಟ್ಟಗಿದ್ದರೂ ಮಂಜೂರಾಗುತ್ತದೆ. ಮಂಜೂರು ಮಾಡಿದವರಿಗೆ ಜೂನ್‌ನಲ್ಲಿ ವರ್ಗ. ವಸೂಲಿಗೆ ಅಲೆಯುವುದು ಹೊಸಬರು. ಎನ್‌ಬಿಎದಲ್ಲೂ ನಡೆಯುವುದು ಇದೇ. ಕೆಲಸ ಹೋಗುವ ಭಯದಲ್ಲಿರುವವನ ಮುಂದೆ ನಾಲ್ಕು ವರ್ಷದ ಕರಾರು ಇಟ್ಟರೆ, ಅವನಿಗೆ ಕಾಣುವುದು ಮೊದಲ ವರ್ಷ ಮಾತ್ರ. ಉಳಿದ ಮೂರು ವರ್ಷಕ್ಕೆ ಅವನು ಅಲ್ಲಿರುವುದಿಲ್ಲ. ಮಾಡಿದ್ದುಣ್ಣೋ ಮಾರಾಯ ಅಂತಾರಲ್ಲ, ಇಲ್ಲಿ ಮಾಡಿದವನೊಬ್ಬ, ಉಣ್ಣುವವನು ಇನ್ನೊಬ್ಬ.

2006ರ ಜೂನ್‌ನಲ್ಲಿ ನಿಕ್ಸ್ ಮಾಲೀಕ ಜೇಮ್ಸ್ ಡೋಲನ್, ಐಸಯಾಗೆ ಎಲ್ಲರ ಎದುರೇ ಹೇಳಿದರು: ಒಂದು ವರ್ಷದೊಳಗೆ ತಂಡ ಸುಧಾರಿಸಬೇಕು. ಆಗಸ್ಟ್‌ನಲ್ಲಿ ಐಸಯಾ ಜೇರೆಡ್ ಜೆಫ್ರೀಸ್ ಎಂಬ ಸಾಧಾರಣ ಆಟಗಾರನಿಗೆ ಐದು ವರ್ಷಕ್ಕೆ 3 ಕೋಟಿ ಡಾಲರ್ ಬರೆದರು. ಗಡುವು ಒಂದು ವರ್ಷ, ಕರಾರು ಐದು ವರ್ಷ! 2008ರಲ್ಲಿ ಐಸಯಾ ಜಾಗಕ್ಕೆ ಡಾನಿ ವಾಲ್ಷ್ ಬಂದರು. ಅವರ ಎರಡು ವರ್ಷ ಪೂರ್ತಿ ಹೋದದ್ದು ಹಳೆ ಕರಾರುಗಳನ್ನು ತೊಲಗಿಸುವುದರಲ್ಲೇ. 2010ರ ಬೇಸಿಗೆಯಲ್ಲಿ ಲೀಗ್‌ನ ದೊಡ್ಡ ತಾರೆ ಲೆಬ್ರಾನ್ ಜೇಮ್ಸ್ ಕರಾರು ಮುಗಿಯುತ್ತದೆ, ಅಷ್ಟರಲ್ಲಿ ತಂಡದ ಸಂಬಳದ ಮಿತಿಯೊಳಗೆ ಜಾಗ ಖಾಲಿಯಾಗಬೇಕು. ಜೆಫ್ರೀಸ್‌ನನ್ನು ಬಿಟ್ಟಿ ಕೊಟ್ಟರೂ ಯಾರೂ ಒಯ್ಯುವುದಿಲ್ಲ. ಹಾಗಾಗಿ 2010ರ ಫೆಬ್ರವರಿಯಲ್ಲಿ ಹ್ಯೂಸ್ಟನ್‌ಗೆ ಅವನನ್ನು ದಾಟಿಸುವಾಗ ಮೇಲೊಂದು 2012ರ ಮೊದಲ ಸುತ್ತಿನ ಪಿಕ್, 2011ರಲ್ಲಿ ಪಿಕ್ ಬದಲಿಸಿಕೊಳ್ಳುವ ಹಕ್ಕು, ಜೊತೆಗೆ ಜಾರ್ಡನ್ ಹಿಲ್ ಎಂಬ ಹೊಸ ಹುಡುಗ. ಹಿಲ್ ಅಂದರೆ 2009ರಲ್ಲಿ ನಿಕ್ಸ್ 8ನೇ ಸರದಿಯಲ್ಲಿ ಆರಿಸಿದವನು. ಅವನಿಗಿಂತ ಒಂದು ಸ್ಥಾನ ಮುಂಚೆ, 7ನೇ ಸರದಿಯಲ್ಲಿ, ಗೋಲ್ಡನ್ ಸ್ಟೇಟ್ ತಂಡ ಎತ್ತಿಕೊಂಡದ್ದು ಮುಂದೆ ಲೀಗ್‌ನ ದೊಡ್ಡ ತಾರೆಯಾದ ಸ್ಟೀಫನ್ ಕರಿಯನ್ನು. (ಎಡ್ಡಿಗೂ ಇವನಿಗೂ ಹೆಸರಿನ ನಂಟು ಮಾತ್ರ. ನಿಕ್ಸ್ ಹಣೆಬರಹದಲ್ಲಿ ಇದ್ದದ್ದು ಆ ಕರಿ, ಈ ಕರಿ ಅಲ್ಲ.)

ಇಷ್ಟೆಲ್ಲ ಮಾಡಿ ಜಾಗ ಖಾಲಿ ಮಾಡಿದರೆ, ಲೆಬ್ರಾನ್ ಮಯಾಮಿಗೆ ಹೋದ. ಖಾಲಿ ಜಾಗ ಹಾಗೇ ಬಿಡಲು ಯಾರಿಗೂ ಧೈರ್ಯ ಇರುವುದಿಲ್ಲ. ನಿಕ್ಸ್ ಅಮಾರೆ ಸ್ಟೌಡಮೈರ್‌ಗೆ ಐದು ವರ್ಷಕ್ಕೆ ಸುಮಾರು 10 ಕೋಟಿ ಡಾಲರ್ ಕೊಟ್ಟಿತು. ಅವನ ಮಂಡಿಯ ಚರಿತ್ರೆ ನೋಡಿ ಆ ಕರಾರಿಗೆ ವಿಮೆ ಸಿಗಲಿಲ್ಲ. ವಿಮೆಯವರೇ ಹಿಂದೆ ಸರಿದ ಮೇಲೆ ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಮೊದಲ ವರ್ಷ ಅದ್ಭುತವಾಗಿ ಆಡಿದ, ಅದನ್ನು ಹೇಳಲೇಬೇಕು. ಆಮೇಲೆ ಮಂಡಿ ತನ್ನ ಚರಿತ್ರೆಗೆ ವಾಪಸು ಹೋಯಿತು.

ಇನ್ನು "ಅವರ ದುಡ್ಡು ಹೋದರೆ ನಮಗೇನು" ಅಂದಿರಲ್ಲ, ಅಲ್ಲಿಗೆ ಬರುತ್ತೇನೆ. ನಮ್ಮ ಐಪಿಎಲ್‌ನಲ್ಲಿ ಇದು ಅಷ್ಟು ನೋಯಿಸುವುದಿಲ್ಲ. 2014ರಲ್ಲಿ ಆರ್‌ಸಿಬಿ ಯುವರಾಜ್ ಸಿಂಗ್‌ಗೆ 14 ಕೋಟಿ ರೂಪಾಯಿ ಕೊಟ್ಟಿತು. ಮುಂದಿನ ವರ್ಷ ಕೈಬಿಟ್ಟಿತು. ಅಲ್ಲಿಗೆ ಬಾಬು ಚುಕ್ತಾ. ಎನ್‌ಬಿಎದಲ್ಲಿ ಹಾಗಿಲ್ಲ. ಅಲ್ಲಿನ ಕರಾರು ಬಹುಪಾಲು ಗ್ಯಾರಂಟಿ. ಆಡಲಿ ಬಿಡಲಿ, ತಂಡದಲ್ಲಿ ಇಟ್ಟುಕೊಳ್ಳಲಿ ಬಿಡಲಿ, ಬರೆದಷ್ಟು ಕೊಡಬೇಕು. ಅದರ ಮೇಲೆ ಸ್ಯಾಲರಿ ಕ್ಯಾಪ್. ಇಡೀ ತಂಡದ ಸಂಬಳಕ್ಕೆ ಲೀಗ್ ಒಂದು ಮಿತಿ ಹಾಕುತ್ತದೆ. ಮಿತಿ ದಾಟಲು ಕೆಲವು ಸಂದುಗೊಂದುಗಳಿವೆ, ತೀರಾ ದಾಟಿದರೆ ಭಾರೀ ತೆರಿಗೆ. ಅಂದರೆ ಬೆಂಚಿನಲ್ಲಿ ಕೂತವನಿಗೆ ಹೋಗುವ ಡಾಲರ್ ಮಾಲೀಕರ ಜೇಬಿನಿಂದ ಮಾತ್ರ ಹೋಗುವುದಿಲ್ಲ. ಮೈದಾನದಲ್ಲಿ ಇರಬೇಕಿದ್ದ ಇನ್ನೊಬ್ಬ ಆಟಗಾರನ ಜಾಗದಿಂದ ಹೋಗುತ್ತದೆ. ನಿಮ್ಮ ಮೊಮ್ಮಗ ಟಿಕೆಟ್ ಕೊಂಡು ನೋಡುವುದು ಆ ಖಾಲಿ ಜಾಗವನ್ನು.

ಮಾಲೀಕರು ನಿಜಕ್ಕೂ ಕಳೆದುಕೊಳ್ಳುತ್ತಾರಾ ಅನ್ನೋದು ಇನ್ನೂ ಮಜಾ. ರಷ್ಯಾದ ಮಿಖಾಯಿಲ್ ಪ್ರೊಖರೋವ್ 2010ರಲ್ಲಿ ನೆಟ್ಸ್ ತಂಡದ ಬಹುಪಾಲು ಕೊಂಡರು. ಆಗ ಅದು ನಿಮ್ಮ ಮಗಳಿರುವ ನ್ಯೂಜೆರ್ಸಿಯದೇ ತಂಡ, ಬ್ರೂಕ್ಲಿನ್‌ಗೆ ಹೋದದ್ದು 2012ರಲ್ಲಿ. ಐದು ವರ್ಷದಲ್ಲಿ ಪ್ರಶಸ್ತಿ ಗೆಲ್ಲದಿದ್ದರೆ ಶಿಕ್ಷೆಯಾಗಿ ಮದುವೆಯಾಗುತ್ತೇನೆ ಅಂದಿದ್ದರು ಈ ಬ್ರಹ್ಮಚಾರಿ. ನೋಡಿ, ಇಲ್ಲೂ ಗಡುವು. 2013ರಲ್ಲಿ ಅವಸರ ಶುರುವಾಯಿತು. ಬಾಸ್ಟನ್‌ನಿಂದ 37 ವರ್ಷದ ಕೆವಿನ್ ಗಾರ್ನೆಟ್, 35 ವರ್ಷದ ಪಾಲ್ ಪಿಯರ್ಸ್ ಬಂದರು. ಬಾಸ್ಟನ್‌ಗೆ 2014, 2016, 2018ರ ಮೊದಲ ಸುತ್ತಿನ ಪಿಕ್‌ಗಳು ಹೋದವು, 2017ರಲ್ಲಿ ಬದಲಿಸಿಕೊಳ್ಳುವ ಹಕ್ಕೂ ಹೋಯಿತು. ಆ ಇಬ್ಬರು ಹಿರಿಯರಿಂದ ಬಂದದ್ದು 44 ಗೆಲುವು, ಪ್ಲೇ-ಆಫ್‌ನ ಎರಡನೇ ಸುತ್ತು. ಪಿಯರ್ಸ್ ಒಂದೇ ವರ್ಷಕ್ಕೆ ಹೋದರು, ಗಾರ್ನೆಟ್ ಇನ್ನೊಂದು ವರ್ಷದೊಳಗೆ. 2016ರ ಪಿಕ್‌ನಲ್ಲಿ ಬಾಸ್ಟನ್‌ಗೆ ಸಿಕ್ಕವನು ಜೇಲನ್ ಬ್ರೌನ್. 2016-17ರಲ್ಲಿ ನೆಟ್ಸ್ ಲೀಗ್‌ನಲ್ಲೇ ಕೊನೆಯ ಸ್ಥಾನ, ಬರೀ 20 ಗೆಲುವು. ಸೋತದ್ದಕ್ಕೆ ಬಂದ ಮೊಟ್ಟಮೊದಲ ಸರದಿ ಬಾಸ್ಟನ್ ಪಾಲಾಯಿತು. ಅವರು ಅದನ್ನು ಎರಡು ಸ್ಥಾನ ಕೆಳಗಿಳಿಸಿ, ಮೇಲೊಂದು ಪಿಕ್ ಗಿಟ್ಟಿಸಿಕೊಂಡು, ಜೇಸನ್ ಟೇಟಮ್‌ನನ್ನು ತಂದರು. 2024ರಲ್ಲಿ ಆ ಇಬ್ಬರೇ ಬಾಸ್ಟನ್‌ಗೆ ಪ್ರಶಸ್ತಿ ತಂದರು.

ಪ್ರೊಖರೋವ್ ಏನಾದರು? ಸುಮಾರು 20 ಕೋಟಿ ಡಾಲರ್ ಕೊಟ್ಟು, ಸಾಲದ ಪಾಲೂ ಹೊತ್ತು ಕೊಂಡಿದ್ದ ತಂಡವನ್ನು, 2019ರ ಹೊತ್ತಿಗೆ ಸುಮಾರು 235 ಕೋಟಿ ಡಾಲರ್ ಬೆಲೆ ಕಟ್ಟಿಸಿ ಪೂರ್ತಿ ಮಾರಿದರು. ತಂಡ ಮುಳುಗಿತು, ಮಾಲೀಕ ತೇಲಿದ. ಹಾಗಾಗಿ ಮಾಲೀಕರಿಗಾಗಿ ಮರುಗಬೇಡಿ, ಅದರಲ್ಲಿ ನಾನೂ ನಿಮ್ಮ ಪಕ್ಷ.

ಅಷ್ಟಕ್ಕೂ ಲೀಗ್‌ಗೆ ತನ್ನ ಮಾಲೀಕರ ಮೇಲೆಯೇ ನಂಬಿಕೆ ಇಲ್ಲ. 1980ರ ಸುಮಾರಿಗೆ ಟೆಡ್ ಸ್ಟೆಪಿಯನ್ ಎಂಬವರು ಕ್ಲೀವ್‌ಲ್ಯಾಂಡ್ ಕವಲಿಯರ್ಸ್ ಕೊಂಡರು. ಒಂದು ಪ್ರಚಾರಕ್ಕಾಗಿ ಊರಿನ ಎತ್ತರದ ಗೋಪುರದ ತುದಿಯಿಂದ ಸಾಫ್ಟ್‌ಬಾಲ್‌ಗಳನ್ನು ಕೆಳಗೆ ಎಸೆದ ಮಹಾಶಯ. ಕೆಳಗಿದ್ದವರಿಗೆ ಪೆಟ್ಟಾಯಿತು. ತಂಡದ ಡ್ರಾಫ್ಟ್ ಪಿಕ್‌ಗಳನ್ನೂ ಅದೇ ಉದಾರತೆಯಿಂದ ಎಸೆದರು. ಕೊನೆಗೆ, ಮುಂದೆ ಬರುವ ಮೊದಲ ಸುತ್ತಿನ ಪಿಕ್‌ಗಳನ್ನು ಸತತ ಎರಡು ವರ್ಷ ಕೈಬಿಡುವಂತಿಲ್ಲ ಅಂತ ಲೀಗ್ ನಿಯಮ ಮಾಡಬೇಕಾಯಿತು. ಇಂದಿಗೂ ಅದನ್ನು ಸ್ಟೆಪಿಯನ್ ನಿಯಮ ಅಂತಲೇ ಕರೆಯುತ್ತಾರೆ. ನೆಟ್ಸ್ ಪಟ್ಟಿ ಇನ್ನೊಂದು ಸಲ ನೋಡಿ: 2014, 2016, 2018. ನಡುವೆ ಒಂದೊಂದು ವರ್ಷ ಬಿಟ್ಟಿದ್ದಾರೆ. ನಿಯಮ ಪಾಲಿಸಿಯೇ ಮನೆ ಮುಳುಗಿಸಿಕೊಂಡರು.

2016ರ ಬೇಸಿಗೆಯ ವಿಷಯ ಬೇರೆ. ಆಗ ಎಲ್ಲರಿಗೂ ಒಟ್ಟಿಗೆ ಮಂಕು ಕವಿದಿತ್ತು. ಹೊಸ ಟಿವಿ ಒಪ್ಪಂದದ ದುಡ್ಡು ಬಂತು, ಒಂಬತ್ತು ವರ್ಷಕ್ಕೆ 2,400 ಕೋಟಿ ಡಾಲರ್. ಸಂಬಳದ ಮಿತಿ ಒಂದೇ ವರ್ಷದಲ್ಲಿ 7 ಕೋಟಿಯಿಂದ 9 ಕೋಟಿ 41 ಲಕ್ಷ ಡಾಲರ್‌ಗೆ ಹಾರಿತು. ಮೆಟ್ಟಿಲು ಮೆಟ್ಟಿಲಾಗಿ ಏರಿಸೋಣ ಎಂದು ಲೀಗ್ ಕೇಳಿತ್ತು, ಆಟಗಾರರ ಸಂಘ ಒಪ್ಪಲಿಲ್ಲ. ಮಿತಿಯ ಶೇ 90ರಷ್ಟನ್ನಾದರೂ ಖರ್ಚು ಮಾಡಲೇಬೇಕೆಂಬ ನಿಯಮವೂ ಇತ್ತು. ಎಲ್ಲರ ಜೇಬಲ್ಲೂ ದುಡ್ಡು, ಸಂತೆಯಲ್ಲಿ ಒಳ್ಳೆ ಮಾಲು ಕಡಿಮೆ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ. ಚ್ಯಾಂಡ್ಲರ್ ಪಾರ್ಸನ್ಸ್‌ಗೆ ಮೆಂಫಿಸ್ 9 ಕೋಟಿ 40 ಲಕ್ಷ ಕೊಟ್ಟಿತು. ಮೂರು ಸೀಸನ್‌ನಲ್ಲಿ ಅವನು ಆಡಿದ್ದು 95 ಪಂದ್ಯ. ಲೇಕರ್ಸ್ ತಂಡ ಟಿಮೊಫೆ ಮೊಜ್ಗೊವ್‌ಗೆ 6 ಕೋಟಿ 40 ಲಕ್ಷ, ಲುವಾಲ್ ಡೆಂಗ್‌ಗೆ 7 ಕೋಟಿ 20 ಲಕ್ಷ ಬರೆಯಿತು. ಲೇಕರ್ಸ್ ನಡೆಸುತ್ತಿದ್ದ ಜಿಮ್ ಬಸ್, ಮೂರು ನಾಲ್ಕು ವರ್ಷದಲ್ಲಿ ತಂಡವನ್ನು ಮೇಲೆತ್ತದಿದ್ದರೆ ಹುದ್ದೆ ಬಿಡುತ್ತೇನೆ ಎಂದು 2014ರಲ್ಲಿ ಮಾತು ಕೊಟ್ಟಿದ್ದರು. ಮತ್ತೆ ಅದೇ ಗಡುವು! 2017ರ ಫೆಬ್ರವರಿಯಲ್ಲಿ ತಂಗಿ ಜೀನಿ ಬಸ್ ಅವರನ್ನೂ ಜನರಲ್ ಮ್ಯಾನೇಜರ್ ಮಿಚ್ ಕಪ್ಚಾಕ್‌ರನ್ನೂ ಇಳಿಸಿದರು. ಬಂದ ಹೊಸಬರು ಮೊಜ್ಗೊವ್ ಕರಾರನ್ನು ಬ್ರೂಕ್ಲಿನ್ ಹೆಗಲಿಗೆ ಹಾಕಲು, 2015ರ ಎರಡನೇ ಪಿಕ್ ಆಗಿದ್ದ ಡಿ'ಏಂಜೆಲೊ ರಸೆಲ್‌ನನ್ನೇ ಜೊತೆಗೆ ಕೊಟ್ಟರು. ಎರಡು ವರ್ಷದಲ್ಲಿ ರಸೆಲ್ ಅಲ್ಲಿ ಆಲ್‌ಸ್ಟಾರ್ ಆದ.

ಹಾಗಂತ ಖಾಲಿಯಾದ ಜಾಗ ವ್ಯರ್ಥವಾಗಲಿಲ್ಲ. 2018ರಲ್ಲಿ ಲೆಬ್ರಾನ್ ಬಂದ, 2020ರಲ್ಲಿ ಲೇಕರ್ಸ್ ಗೆದ್ದಿತು. ವಸೂಲಿಗೆ ಬಂದವರಿಗೂ ಅಪರೂಪಕ್ಕೊಮ್ಮೆ ಯೋಗ ಕೂಡಿಬರುತ್ತದೆ.

ಈಗ ಆಟಗಾರರ ಪರವಾಗಿ ಒಂದು ಮಾತು. ನಮ್ಮ ಲೇಖನ ಅವರಿಗೆ ಮಾಡಿದ ಅನ್ಯಾಯಕ್ಕೆ ಇದು ಬಾಕಿ. ಸ್ಕಾಟಿ ಪಿಪ್ಪೆನ್ ಹೆಸರು ಕೇಳಿರುತ್ತೀರಿ, ಮೈಕಲ್ ಜೋರ್ಡನ್ ಜೊತೆ ಆರು ಪ್ರಶಸ್ತಿ ಗೆದ್ದವನು. ಹನ್ನೆರಡು ಮಕ್ಕಳ ಬಡ ಮನೆ. ಅಪ್ಪ, ಒಬ್ಬ ಅಣ್ಣ ಇಬ್ಬರೂ ಗಾಲಿಕುರ್ಚಿಯಲ್ಲಿ. 1991ರಲ್ಲಿ ಬುಲ್ಸ್ 1 ಕೋಟಿ 80 ಲಕ್ಷ ಡಾಲರ್‌ನ ದೀರ್ಘ ಕರಾರು ಮುಂದಿಟ್ಟಿತು. ನಾಳೆ ತನಗೂ ಏನಾದರೂ ಆದರೆ ಎಂಬ ಭಯ ಇತ್ತು, ಸಹಿ ಹಾಕಿದ. 1997-98ರಲ್ಲಿ ಲೀಗ್‌ನ ಅತ್ಯುತ್ತಮರಲ್ಲಿ ಒಬ್ಬನಾಗಿದ್ದರೂ ಸಂಬಳದಲ್ಲಿ ಅವನು 122ನೆಯವನು. ಬುಲ್ಸ್ ಅವನ ದುಡಿಮೆ ಕದ್ದಿತು ಅಂತ ಯಾರಾದರೂ ಬರೆದರಾ? ಚೆನ್ನಾಗಿ ವ್ಯವಹಾರ ಮಾಡಿತು ಅಂದರು. ಲೆಕ್ಕ ತಲೆಕೆಳಗಾದಾಗ ಮಾತ್ರ ಆಟಗಾರ ಕಳ್ಳ. ನೋವಾ ಮುಂದೆ 7 ಕೋಟಿ 20 ಲಕ್ಷದ ಕಾಗದ ಇಟ್ಟರು. "ಬೇಡ ಸ್ವಾಮಿ, ನನ್ನ ಭುಜ ಸರಿಯಿಲ್ಲ, ಅರ್ಧ ಕೊಡಿ" ಅಂತ ನಾನಾಗಿದ್ದರೂ ಅನ್ನುತ್ತಿರಲಿಲ್ಲ. ನೀವೂ ಅನ್ನುತ್ತಿರಲಿಲ್ಲ ಬಿಡಿ.

ಲೀಗ್ ಕೈಕಟ್ಟಿ ಕೂತಿಲ್ಲ. ಏಳು ವರ್ಷದವರೆಗೆ ಇದ್ದ ಕರಾರನ್ನು 2005ರಲ್ಲಿ ಆರಕ್ಕೆ, 2011ರಲ್ಲಿ ಐದಕ್ಕೆ ಇಳಿಸಿತು. ಒಂದು ಕರಾರನ್ನು ತೆರಿಗೆಯ ಲೆಕ್ಕದಿಂದ ಬಿಡಿಸುವ ‘ಕ್ಷಮಾದಾನ’ ಎರಡು ಸಲ ಕೊಟ್ಟಿತು, ನಿಮ್ಮ ಭಾಷೆಯಲ್ಲಿ ಸಾಲ ಮನ್ನಾ. ಈಗ ನಡೆಯುತ್ತಿರುವುದು ‘ಸ್ಟ್ರೆಚ್’. ಆಟಗಾರನನ್ನು ಕೈಬಿಟ್ಟು, ಉಳಿದ ಬಾಕಿಯನ್ನು ಹೆಚ್ಚು ವರ್ಷಗಳ ಮೇಲೆ ಹಂಚಿ ಬರೆಯುವುದು. ಹೌದು, ನಿಮ್ಮ ಬ್ಯಾಂಕಿನ ಕಂತು ವಿಸ್ತರಣೆಯೇ. ಖಾತೆ ಚೊಕ್ಕಟವಾಗಿ ಕಾಣುತ್ತದೆ, ಸಾಲ ಅಲ್ಲೇ ಇರುತ್ತದೆ. ಬ್ರ್ಯಾಡ್ಲಿ ಬೀಲ್ ಕಥೆ ನೋಡಿ. ವಾಷಿಂಗ್ಟನ್ 2022ರಲ್ಲಿ ಅವನಿಗೆ ಐದು ವರ್ಷಕ್ಕೆ 25 ಕೋಟಿ 10 ಲಕ್ಷ ಡಾಲರ್ ಬರೆಯಿತು. ಮೇಲೆ, ಅವನ ಒಪ್ಪಿಗೆ ಇಲ್ಲದೆ ಬೇರೆ ತಂಡಕ್ಕೆ ಕಳಿಸುವಂತಿಲ್ಲ ಅಂತ ಷರತ್ತು. ಮರುವರ್ಷ ಫೀನಿಕ್ಸ್ ಆ ಷರತ್ತಿನ ಸಮೇತ ಅವನನ್ನು ತಂದಿತು. 2024-25ರಲ್ಲಿ ಲೀಗ್‌ನ ಅತಿ ದುಬಾರಿ ತಂಡವಾಗಿ 36 ಗೆದ್ದು 46 ಸೋತಿತು. 2025ರ ಜುಲೈನಲ್ಲಿ ಬೀಲ್‌ನನ್ನು ಬಿಟ್ಟುಕೊಟ್ಟು ಬಾಕಿಯನ್ನು ಐದು ವರ್ಷಕ್ಕೆ ಹಂಚಿತು. ವರ್ಷಕ್ಕೆ ಸುಮಾರು 1 ಕೋಟಿ 94 ಲಕ್ಷ ಡಾಲರ್, 2029-30ರವರೆಗೆ. ಆಗ ಫೀನಿಕ್ಸ್ ಮ್ಯಾನೇಜರ್ ಕುರ್ಚಿಯಲ್ಲಿ ಯಾರಿರುತ್ತಾರೋ, ಅವರಿಗೆ ನನ್ನ ಅನುಕಂಪ ಈಗಲೇ ತಿಳಿಸಿಬಿಡುತ್ತೇನೆ.

ಪತ್ರದ ಜೊತೆ ಕಳಿಸಿದ ಫೋಟೋ ನೋಡಿದೆ. ಮೊಮ್ಮಗ ಹಾಕಿಕೊಂಡಿರುವುದು ಜೇಲನ್ ಬ್ರನ್ಸನ್‌ನ 11ನೇ ನಂಬರಿನ ಅಂಗಿ. 2022ರಲ್ಲಿ ನಿಕ್ಸ್ ಅವನಿಗೆ ನಾಲ್ಕು ವರ್ಷಕ್ಕೆ 10 ಕೋಟಿ 40 ಲಕ್ಷ ಡಾಲರ್ ಕೊಟ್ಟಾಗ ತುಂಬ ಜನ ನಕ್ಕಿದ್ದರು. ನಿಕ್ಸ್ ಅಧ್ಯಕ್ಷ ಲಿಯಾನ್ ರೋಸ್ ಹಿಂದೆ ಬ್ರನ್ಸನ್‌ನ ಏಜೆಂಟ್ ಆಗಿದ್ದವರು. ಹುಡುಗನ ಅಪ್ಪನಿಗೆ ಅದೇ ತಂಡದಲ್ಲಿ ಸಹಾಯಕ ಕೋಚ್ ಕೆಲಸವೂ ಸಿಕ್ಕಿತ್ತು. ಮೇಲ್ನೋಟಕ್ಕೆ ಇದಕ್ಕಿಂತ ಕೆಟ್ಟ ಕರಾರು ಬೇಕೇ? ಅದೇ ಬ್ರನ್ಸನ್ 2024ರಲ್ಲಿ, ಒಂದು ವರ್ಷ ಕಾದರೆ ಸಿಗುತ್ತಿದ್ದದ್ದಕ್ಕಿಂತ ಸುಮಾರು 11 ಕೋಟಿ 30 ಲಕ್ಷ ಡಾಲರ್ ಕಡಿಮೆಗೆ ಹೊಸ ಕರಾರು ಮಾಡಿಕೊಂಡ. 2025ರಲ್ಲಿ, ಇಪ್ಪತ್ತೈದು ವರ್ಷದ ಮೇಲೆ, ನಿಕ್ಸ್‌ನ್ನು ಈಸ್ಟರ್ನ್ ಕಾನ್ಫರೆನ್ಸ್ ಫೈನಲ್‌ಗೆ, ಅಂದರೆ ಪ್ರಶಸ್ತಿಯ ಫೈನಲ್‌ಗಿಂತ ಒಂದು ಸುತ್ತು ಹಿಂದಿನವರೆಗೆ, ಒಯ್ದ.

2022ರಲ್ಲಿ ನಕ್ಕವರಲ್ಲಿ ಈ ಪತ್ರಿಕೆಯೂ ಸೇರಿತ್ತು. "ಸಂಬಂಧಿಕರ ಮದುವೆಗೆ ಮುಯ್ಯಿ" ಅಂತ ತಲೆಬರಹ ಕೊಟ್ಟಿದ್ದು ನಾನೇ. ಆ ಸಂಚಿಕೆಯ ಒಂದು ಪ್ರತಿ ಕಚೇರಿಯಲ್ಲಿ ಉಳಿದಿದೆ, ಬೇಕಿದ್ದರೆ ಕಳಿಸುತ್ತೇನೆ. ಮೊಮ್ಮಗನಿಗೆ ಮಾತ್ರ ತೋರಿಸಬೇಡಿ.

– ಸಂ.